ಮೊಬೈಲ್ ಕ್ಯಾಮೆರಾದ ಗಾಜು ಒಡೆದರೆ ಲೆನ್ಸ್ ಉಳಿಸಿಕೊಳ್ಳುವುದು ಹೇಗೆ?

ಬೇಗೂರಿನ ನಾಗೇಶ್ವರ ದೇವಸ್ಥಾನದ ಅಂಗಳದಲ್ಲಿ ಒಂದು ಭಾನುವಾರ ಬೆಳಿಗ್ಗೆ ನನ್ನ ಮೊಬೈಲ್ ಕೈಜಾರಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ‘ಬೆಂಗಳೂರು’ ಎಂಬ ಹೆಸರು ಕಾಣಿಸುವ, ಸುಮಾರು ಕ್ರಿ.ಶ. 890ರ ಶಾಸನ ದೊರೆತ ಊರು ಅದು. ಬಿಡುವಿದ್ದಾಗ ವೀರಗಲ್ಲು, ಶಾಸನಗಳ ಚಿತ್ರ ತೆಗೆಯುವುದು ನನಗೆ ಬಹುಕಾಲದ ಅಭ್ಯಾಸ. ಮೊಬೈಲನ್ನು ಎತ್ತಿ ನೋಡಿದೆ. ಪರದೆಗೆ ಏನೂ ಆಗಿರಲಿಲ್ಲ. ಹಿಂಬದಿಯಲ್ಲಿ ಕ್ಯಾಮೆರಾದ ಮೇಲಿನ ಗಾಜು ಮಾತ್ರ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು.

ಅಂಗಿಯ ತುದಿಯಿಂದ ಒರೆಸಲು ಕೈ ತಾನಾಗಿಯೇ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹಿಂದೊಮ್ಮೆ ಬೇರೆ ಮೊಬೈಲಿನಲ್ಲಿ ಮಾಡಿದ ತಪ್ಪು ಅದೇ. ಆಗಲೂ ಗಾಜು ಒಡೆದಿತ್ತು. ಚಿತ್ರ ಬರುತ್ತಿದೆಯಲ್ಲ ಎಂದು ಒಂದಿಡೀ ಮಳೆಗಾಲ ಹಾಗೆಯೇ ಬಿಟ್ಟಿದ್ದೆ, ದಿನಕ್ಕೆ ಹತ್ತು ಸಲ ಒರೆಸಿದ್ದೆ. ಸಡಿಲಗೊಂಡ ಚೂರುಗಳು ಒಳಗಿನ ಲೆನ್ಸನ್ನು ಗೀರಿಬಿಟ್ಟವು. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಇಡೀ ಕ್ಯಾಮೆರಾವನ್ನೇ ಬದಲಿಸಬೇಕಾಯಿತು. ಆ ವರ್ಷದ ಗೌರಿ ಹಬ್ಬದ ಚಿತ್ರಗಳಲ್ಲಿ ನನ್ನ ಅಜ್ಜಿಯ ಮುಖದ ಮೇಲೆ ಹೊಗೆ ಕವಿದಂತಿದೆ. ಅಜ್ಜಿ ಈಗಿಲ್ಲ.

ಗಾಜು ಒಡೆದ ಎಲ್ಲರಿಗೂ ನಾನು ಹೇಳುವ ಮೊದಲ ಮಾತು ಇದು: ಒಡೆದಿರುವುದು ಲೆನ್ಸ್ ಅಲ್ಲ, ಅದರ ಮೇಲಿನ ಮುಚ್ಚಳ. ಮುಚ್ಚಳ ಹೋದರೆ ಹೋಗಲಿ. ಅದು ಒಡೆದ ಹೊತ್ತಿನಿಂದ ಹೊಸದು ಕೂರುವ ಹೊತ್ತಿನವರೆಗೆ ಒಳಗಿನ ಲೆನ್ಸನ್ನು ಕಾಪಾಡುವುದೇ ನಿಮ್ಮ ಕೆಲಸ.

ಒಡೆದದ್ದು ಯಾವ ಪದರ?

ಮೊದಲು ಇದನ್ನು ತಿಳಿದುಕೊಳ್ಳಿ. ಇಲ್ಲದಿದ್ದರೆ ಆಗಬಾರದ ಖರ್ಚು ಆಗುತ್ತದೆ. ಮೊಬೈಲಿನ ಹಿಂಬದಿಯಲ್ಲಿ ಹೊರಗಿನಿಂದ ಒಳಕ್ಕೆ ಮೂರು ಪದರಗಳಿರಬಹುದು. ಎಲ್ಲಕ್ಕಿಂತ ಮೇಲಿರುವುದು ಅಂಗಡಿಯವರು ಕವರ್ ಮಾರುವಾಗ ಜೊತೆಗೆ ಅಂಟಿಸಿಕೊಡುವ ರಕ್ಷಣಾ ಗಾಜು. ಅದು ಎಲ್ಲ ಮೊಬೈಲಿನಲ್ಲೂ ಇರುವುದಿಲ್ಲ. ಅದರ ಕೆಳಗೆ ಕಂಪನಿಯೇ ಕೂರಿಸಿರುವ ಕ್ಯಾಮೆರಾ ಗ್ಲಾಸ್. ಅದಕ್ಕೂ ಕೆಳಗೆ, ಸ್ವಲ್ಪ ಅಂತರದಲ್ಲಿ, ನಿಜವಾದ ಲೆನ್ಸ್. ಲೆನ್ಸ್ ಎಂದರೆ ಒಂದೇ ಬಿಲ್ಲೆಯಲ್ಲ. ಸಾಮಾನ್ಯವಾಗಿ 5ರಿಂದ 7 ಪುಟ್ಟ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಬಹುತೇಕ ಮೊಬೈಲುಗಳಲ್ಲಿ ಅವು ಗಾಜಿನವೂ ಅಲ್ಲ, ಅಚ್ಚು ಹಾಕಿದ ಪ್ಲಾಸ್ಟಿಕ್ಕಿನವು. ಗಾಜಿನ ಚೂರು ತಗುಲಿದರೆ ಪ್ಲಾಸ್ಟಿಕ್ ಗೀರಿಸಿಕೊಳ್ಳದೆ ಇರುವುದಿಲ್ಲ.

ಗಾಬರಿಯಿಂದ ಅಂಗಡಿಗೆ ಓಡಿಬರುವವರಲ್ಲಿ ಕೆಲವರ ಮೊಬೈಲಿನಲ್ಲಿ ಒಡೆದಿರುವುದು ಮೇಲಿನ ರಕ್ಷಣಾ ಗಾಜು ಮಾತ್ರ. ಅಂಚಿನಲ್ಲಿ ಉಗುರು ಆಡಿಸಿ ನೋಡಿ. ಕ್ಯಾಮೆರಾದ ಉಬ್ಬಿನ ಮೇಲೆ ಕೂರಿಸಿದ ತೆಳುಹಾಳೆಯ ಮೆಟ್ಟಿಲು ಬೆರಳಿಗೆ ಸಿಕ್ಕಿದರೆ ನೀವು ಅದೃಷ್ಟವಂತರು. ಮೊಬೈಲನ್ನು ಮಗುಚಿ ಹಿಡಿದು, ಒಂದು ಮೂಲೆಯಿಂದ ಅದನ್ನು ನಿಧಾನವಾಗಿ ಬಿಡಿಸಿ. ಕೆಳಗಿನ ಗಾಜು ನುಣುಪಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು.

ರಕ್ಷಣಾ ಗಾಜು ಇಲ್ಲದಿದ್ದರೆ ಓರೆಬೆಳಕಿನಲ್ಲಿ ನೋಡಿ. ಸವೆದ ಶಾಸನವನ್ನು ಓದುವವರು ನೆತ್ತಿಯ ಮೇಲಿನ ಬಿಸಿಲಿನಲ್ಲಿ ಓದುವುದಿಲ್ಲ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಬೆಳಕನ್ನು ಮೇಲ್ಮೈಗೆ ಸವರಿದಂತೆ ಬಿಟ್ಟರೆ, ಕಾಣದ ಅಕ್ಷರದ ಅಂಚೂ ನೆರಳು ಬೀರಿ ಎದ್ದು ನಿಲ್ಲುತ್ತದೆ. ಕ್ಯಾಮೆರಾ ಗಾಜಿಗೂ ಇದೇ ಉಪಾಯ ಸಲ್ಲುತ್ತದೆ. ಕೋಣೆಯ ದೀಪ ಆರಿಸಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಗಾಜಿನ ಮಟ್ಟದಲ್ಲಿ ಪಕ್ಕದಿಂದ ಹಿಡಿಯಿರಿ. ಕೂದಲೆಳೆಯಂಥ ಬಿರುಕು, ಗೀರು, ಒಳಗೆ ಸೇರಿದ ಧೂಳು, ಆವಿ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ. ತಲೆಯನ್ನು ಅತ್ತಿತ್ತ ಸರಿಸಿ ನೋಡಿದಾಗ ಗೀರು ಮತ್ತು ಗಾಜಿನ ಮೇಲಿನ ಧೂಳಿನ ಕಣ ಒಟ್ಟಿಗೇ ಇದ್ದರೆ ಅದು ಮೇಲಿನ ಗಾಜಿನ ಗೀರು. ಕಲೆ ಆಳದಲ್ಲೆಲ್ಲೋ ಇದ್ದು, ಮೇಲಿನ ಧೂಳಿನ ಕಣ ಅದರ ಮೇಲೆ ಸರಿದು ಹೋಗುವಂತೆ ಕಂಡರೆ ಕಲೆ ಇರುವುದು ಲೆನ್ಸಿನ ಮೇಲೆ.

ಮೊದಲ ಒಂದು ಗಂಟೆ

ಬಿದ್ದ ಕೂಡಲೇ ಮಾಡಬೇಕಾದದ್ದು ತೀರ ಸರಳ. ಒರೆಸಬೇಡಿ, ಒತ್ತಬೇಡಿ, ಬಾಯಿಯಿಂದ ಊದಬೇಡಿ. ಊದಿದರೆ ಎಂಜಲ ಹನಿ ಒಳಗೆ ಹೋಗುತ್ತದೆ. ಕ್ಯಾಮೆರಾ ನೆಲವನ್ನು ನೋಡುವಂತೆ ಮೊಬೈಲನ್ನು ಮಗುಚಿ, ಹಿಂಬದಿಯನ್ನು ಬೆರಳಿನಿಂದ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಸಡಿಲವಾದ ಚೂರುಗಳು ತಾವಾಗಿ ಉದುರಲಿ. ಆಮೇಲೆ ಒಂದು ತುಂಡು ಪಾರದರ್ಶಕ ಸೆಲ್ಲೋ ಟೇಪನ್ನು ಇಡೀ ಕ್ಯಾಮೆರಾ ಭಾಗ ಮುಚ್ಚುವಂತೆ ಅಂಟಿಸಿ. ಗಾಜಿಗೂ ಲೆನ್ಸಿಗೂ ನಡುವೆ ಅಂತರ ಇರುವುದರಿಂದ ಟೇಪಿನ ಗೋಂದು ಲೆನ್ಸಿಗೆ ತಗುಲುವುದಿಲ್ಲ. ಗಾಜಿನಲ್ಲಿ ತೂತೇ ಬಿದ್ದಿದ್ದರೆ ಆ ಜಾಗದಲ್ಲಿ ಟೇಪನ್ನು ಒಳಕ್ಕೆ ಒತ್ತದಿದ್ದರೆ ಸಾಕು.

ಬೇಗೂರಿನಲ್ಲಿ ನನ್ನ ಬಳಿ ಟೇಪ್ ಇರಲಿಲ್ಲ. ದೇವಸ್ಥಾನದ ಹೊರಗಿನ ಸಣ್ಣ ಅಂಗಡಿಯೊಂದರಲ್ಲಿ ಹತ್ತು ರೂಪಾಯಿ ಕೊಟ್ಟು ಒಂದು ಸುರುಳಿ ತಂದೆ. ಆ ಟೇಪ್ ನನ್ನ ಲೆನ್ಸನ್ನು ಉಳಿಸಿತು. ಮುಚ್ಚಿದ ಮೇಲೆ ಚಿತ್ರ ಮಂಜು ಮಂಜಾಗಿ ಬರುತ್ತದೆ. ಬರಲಿ, ಒಂದೆರಡು ದಿನಕ್ಕೆ ತೊಂದರೆಯಿಲ್ಲ. ಹಣ ಪಾವತಿಯ ಕ್ಯೂಆರ್ ಕೋಡನ್ನು ಮೊಬೈಲ್ ಹಾಗಿದ್ದರೂ ಹೆಚ್ಚಾಗಿ ಓದುತ್ತದೆ.

ಮೊಬೈಲಿಗೆ ನೀರು ತಡೆಯುವ ಗುಣವಿದೆ, ಐಪಿ68 ಎಂದು ಪೆಟ್ಟಿಗೆಯ ಮೇಲೆ ಬರೆದಿದೆ ಎಂದು ನಂಬಿ ಮಳೆಗೆ ಒಡ್ಡಬೇಡಿ. ಗಾಜು ಬಿರುಕು ಬಿಟ್ಟ ಕ್ಷಣದಿಂದ ಆ ರಕ್ಷಣೆ ಇಲ್ಲ. ಬೆಂಗಳೂರಿನಲ್ಲಿ ಮಧ್ಯಾಹ್ನ ಬಿಸಿಲಿದ್ದು ಸಂಜೆ ಐದಕ್ಕೆ ಸುರಿಯುವ ಮಳೆಗೆ ಮುನ್ಸೂಚನೆಯೇ ಇರುವುದಿಲ್ಲ. ಒಳಗೆ ಆವಿ ಕಟ್ಟಿದ್ದು ಕಂಡರೆ ಮೊಬೈಲನ್ನು ಸ್ವಿಚ್ ಆಫ್ ಮಾಡಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ. ಅಕ್ಕಿಯ ಹುಡಿ ಬಿರುಕಿನೊಳಗೆ ಇಳಿಯುತ್ತದೆ.

ಮನೆಮದ್ದುಗಳ ಬಗ್ಗೆ ಎಚ್ಚರ

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ ಎಂದು ಹೇಳುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಅದನ್ನು ಮಾಡಲೇಬೇಡಿ. ಟೂತ್‌ಪೇಸ್ಟಿನಲ್ಲಿ ಹಲ್ಲನ್ನು ಉಜ್ಜುವುದಕ್ಕೆಂದೇ ಸೇರಿಸಿದ ನುಣ್ಣನೆಯ ಹುಡಿ ಇರುತ್ತದೆ. ಕ್ಯಾಮೆರಾ ಗಾಜಿನ ಮೇಲೆ ಪ್ರತಿಫಲನ ತಡೆಯುವ ಅತಿ ತೆಳುವಾದ ಲೇಪವಿರುತ್ತದೆ. ಆ ಹುಡಿ ಮೊದಲು ಕೀಳುವುದು ಆ ಲೇಪವನ್ನೇ. ಒಂದು ಗೀರು ಇದ್ದ ಕಡೆ ಇಡೀ ಗಾಜೇ ಮಬ್ಬಾಗುತ್ತದೆ.

ಇದಕ್ಕಿಂತ ಹೆಚ್ಚು ಅಪಾಯಕಾರಿ ಫೆವಿಕ್ವಿಕ್‌ನಂಥ ತಕ್ಷಣ ಅಂಟುವ ಗೋಂದು. ಬಿರುಕಿನಲ್ಲಿ ಒಂದು ಹನಿ ಬಿಟ್ಟರೆ ಮುಚ್ಚಿಕೊಳ್ಳುತ್ತದೆ ಎಂದು ಅನ್ನಿಸುವುದು ಸಹಜ. ಆ ಗೋಂದು ಒಣಗುವಾಗ ಅದರಿಂದ ಏಳುವ ಆವಿ ಹತ್ತಿರದ ಮೇಲ್ಮೈಗಳ ಮೇಲೆ ಬಿಳಿಯ ಬೂದಿಯಂತೆ ಕೂರುತ್ತದೆ. ಮುಚ್ಚಿದ ಪುಟ್ಟ ಗೂಡಿನೊಳಗೆ ಆ ಆವಿಗೆ ಸಿಗುವ ಹತ್ತಿರದ ಮೇಲ್ಮೈ ನಿಮ್ಮ ಲೆನ್ಸ್. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇದ್ದರೆ ಅದು ಹಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಒಣಗಿದ ಮೇಲೂ ಪೊರೆ ಉಳಿಯುತ್ತದೆ. ಇವು ಯಾವುವೂ ಕ್ಯಾಮೆರಾದ ಹತ್ತಿರ ಬರಬಾರದು.

ಹಾನಿ ಎಷ್ಟು ಎಂದು ಅಳೆಯುವುದು

ಟೇಪನ್ನು ಮೆಲ್ಲಗೆ ತೆಗೆದು ಮೂರು ಚಿತ್ರ ತೆಗೆಯಿರಿ. ಹಗಲಿನಲ್ಲಿ ಬಿಳಿ ಗೋಡೆಯದು ಒಂದು, ದಿನಪತ್ರಿಕೆಯ ಪುಟವನ್ನು ಹತ್ತಿರದಿಂದ ಒಂದು, ರಾತ್ರಿ ಬೀದಿದೀಪದ್ದು ಒಂದು. ಹಿಂಬದಿಯಲ್ಲಿ ಎರಡು ಮೂರು ಕ್ಯಾಮೆರಾಗಳಿದ್ದರೆ ಒಂದೊಂದರಲ್ಲೂ ಇದೇ ಮೂರನ್ನು ತೆಗೆದು ಹೋಲಿಸಿ.

ಗಾಜು ಲೆನ್ಸಿಗೆ ತೀರ ಹತ್ತಿರವಿರುವುದರಿಂದ ಅದರ ಮೇಲಿನ ಸಣ್ಣ ಗೀರು ಚಿತ್ರದಲ್ಲಿ ಗೆರೆಯಾಗಿ ಮೂಡುವುದಿಲ್ಲ. ಅದು ಬೆಳಕನ್ನು ಚದುರಿಸುತ್ತದೆ. ಹಗಲಿನ ಚಿತ್ರ ಚೆನ್ನಾಗಿಯೇ ಇದ್ದು, ರಾತ್ರಿಯ ದೀಪದ ಸುತ್ತ ಮಾತ್ರ ಬೆಳಕಿನ ಬಾಲ, ಕಾಮನಬಿಲ್ಲಿನ ಚೂರು, ಹಾಲಿನಂಥ ಮುಸುಕು ಕಂಡರೆ ತಪ್ಪು ಗಾಜಿನದು. ಉಗುರಿಗೆ ಸಿಗದಷ್ಟು ನವಿರಾದ ಗೀರು ಒಂದೆರಡೇ ಇದ್ದರೆ ಏನೂ ಮಾಡಬೇಕಿಲ್ಲ, ಬಿಟ್ಟುಬಿಡಿ. ಬಿರುಕು ಇದ್ದರೆ ಮಾತ್ರ ಬಿಡಬೇಡಿ. ಬಿರುಕು ದಿನದಿನಕ್ಕೂ ಬೆಳೆಯುತ್ತದೆ.

ಪತ್ರಿಕೆಯ ಅಕ್ಷರ ಯಾವ ದೂರದಲ್ಲೂ ಸ್ಪಷ್ಟವಾಗದಿದ್ದರೆ, ಚಿತ್ರ ನಡುಗುತ್ತಿದ್ದರೆ ಅಥವಾ ಕ್ಯಾಮೆರಾ ಕಪ್ಪಾಗಿಯೇ ಉಳಿದರೆ ಪೆಟ್ಟು ಒಳಗಿನ ಕ್ಯಾಮೆರಾಗೂ ಬಿದ್ದಿದೆ. ಇಲ್ಲೊಂದು ಮಾತು ಸೇರಿಸಬೇಕು. ಮೊಬೈಲನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಕಟಕಟ ಸದ್ದು ಕೇಳಿಸಿತೆಂದು ಕ್ಯಾಮೆರಾ ಹೋಯಿತೆಂದು ತಿಳಿಯಬೇಡಿ. ಕೈನಡುಕವನ್ನು ಸರಿಪಡಿಸುವ ವ್ಯವಸ್ಥೆ ಇರುವ ಕ್ಯಾಮೆರಾದಲ್ಲಿ ಲೆನ್ಸ್ ತೇಲುವಂತೆ ಕೂತಿರುತ್ತದೆ. ಕ್ಯಾಮೆರಾ ಆರಿದ್ದಾಗ ಅದು ಸದ್ದು ಮಾಡುವುದು ಸ್ವಾಭಾವಿಕ.

ಸ್ಕೂಟರಿನ ಹ್ಯಾಂಡಲ್‌ಗೆ ಮೊಬೈಲ್ ಸಿಕ್ಕಿಸಿಕೊಂಡು ದಿನವಿಡೀ ಓಡಾಡುವವರು ನಮ್ಮ ಊರಿನಲ್ಲಿ ಬಹಳ ಮಂದಿ. ಊಟ ತಲುಪಿಸುವ ಹುಡುಗರಿಗೆ ಅದು ದುಡಿಮೆಯ ಭಾಗ. ಗಾಜು ಸರಿಯಿದ್ದೂ ಚಿತ್ರ ನಡುಗುತ್ತಿದ್ದರೆ ಕಾರಣ ಆ ಕಂಪನ ಇರಬಹುದು. ಹೆಚ್ಚು ಶಕ್ತಿಯ ಬೈಕುಗಳ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತ್ತು. ಅಂಥ ಮೊಬೈಲಿಗೆ ಹೊಸ ಗಾಜು ಹಾಕಿಸಿದರೆ ದುಡ್ಡು ದಂಡ.

ಸೇವಾ ಕೇಂದ್ರವೋ, ಎಸ್‌.ಪಿ. ರಸ್ತೆಯೋ, ಮನೆಯೋ?

ಬಿದ್ದು ಒಡೆದ ಗಾಜು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಮೊಬೈಲ್ ಕೊಳ್ಳುವಾಗ ಆಕಸ್ಮಿಕ ಹಾನಿಯ ವಿಮೆ ತೆಗೆದುಕೊಂಡಿದ್ದರೆ ಬರಬಹುದು. ಮೊದಲು ಆ ಕಾಗದ ಹುಡುಕಿ. ಮೊಬೈಲ್ ಇನ್ನೂ ವಾರಂಟಿಯಲ್ಲಿದ್ದರೆ, ನೀರು ತಡೆಯುವ ಗುಣ ನಿಮಗೆ ಮುಖ್ಯವಾಗಿದ್ದರೆ ಅಥವಾ ಬೆಲೆ ತುಂಬ ಹೆಚ್ಚಿನದಾದರೆ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೇ ಹೋಗಿ ಎಂಬುದು ನನ್ನ ಅಭಿಪ್ರಾಯ. ಹೊರಗೆ ಬಿಚ್ಚಿಸಿದ ಮೇಲೆ ಉಳಿದ ವಾರಂಟಿಯ ಬಗ್ಗೆ ವಾದ ಮಾಡುವುದು ಕಷ್ಟ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಆರಂಭಿಸಿದ ‘ರೈಟ್ ಟು ರಿಪೇರ್’ ಜಾಲತಾಣದಲ್ಲಿ ಹಲವು ಕಂಪನಿಗಳ ಸೇವಾ ಕೇಂದ್ರ ಮತ್ತು ವಾರಂಟಿಯ ವಿವರ ಸಿಗುತ್ತದೆ. ಹೋಗುವ ಮುನ್ನ ನೋಡಿಕೊಳ್ಳಿ.

ಐಫೋನಿನ ವಿಷಯ ಸ್ವಲ್ಪ ಬೇರೆ. 2012ರ ಐಫೋನ್ 5ರಿಂದ ಆಪಲ್ ತನ್ನ ಕ್ಯಾಮೆರಾ ಮುಚ್ಚಳಕ್ಕೆ ನೀಲಮಣಿಯ ಜಾತಿಯ ಹರಳನ್ನು ಬಳಸುತ್ತಿದೆ. ಹೊರಗಿನ ಅಂಗಡಿಯಲ್ಲಿ ಅದರ ಬದಲು ಕೂರಿಸುವುದು ಹೆಚ್ಚಾಗಿ ಮಾಮೂಲಿ ಗಾಜು. ಅದರಿಂದ ಚಿತ್ರ ಚೆನ್ನಾಗಿಯೇ ಬರಬಹುದು. ಗಟ್ಟಿತನ ಮಾತ್ರ ಒಂದೇ ಅಲ್ಲ, ಅದನ್ನು ತಿಳಿದೇ ಒಪ್ಪಿಕೊಳ್ಳಿ.

ವಾರಂಟಿ ಮುಗಿದ ಆಂಡ್ರಾಯ್ಡ್ ಮೊಬೈಲಿಗೆ ನನ್ನ ಆಯ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್‌.ಪಿ. ರಸ್ತೆ. ಟೌನ್‌ಹಾಲ್‌ನಿಂದ ನಡೆದು ಹೋಗಬಹುದು. ಮೆಟ್ರೊದಲ್ಲಿ ಬರುವವರು ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿಯಿರಿ. ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ನಾನೂ ಅದಕ್ಕೇ ಸೋಮವಾರದವರೆಗೆ ಕಾದೆ. ಮೆಜೆಸ್ಟಿಕ್ ಹತ್ತಿರವಾದವರಿಗೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಇದೆ.

ಅಂಗಡಿಯಲ್ಲಿ ಏನು ಕೇಳಬೇಕು?

ಮಾದರಿಯ ಪೂರ್ಣ ಹೆಸರು ಬರೆದುಕೊಂಡು ಹೋಗಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒತ್ತಿದರೆ ಅಕ್ಷರ ಮತ್ತು ಅಂಕಿಗಳಿರುವ ಮಾದರಿ ಸಂಖ್ಯೆ ಕಾಣುತ್ತದೆ. ಒಂದೇ ಹೆಸರಿನ 4ಜಿ ಮತ್ತು 5ಜಿ ಮೊಬೈಲುಗಳ ಗಾಜಿನ ಆಕಾರ ಬೇರೆ ಇರುವುದುಂಟು. ‘ಕ್ಯಾಮೆರಾ ಗ್ಲಾಸ್’ ಎಂದು ಕೇಳಿ. ಬರೀ ‘ಕ್ಯಾಮೆರಾ ಒಡೆದಿದೆ’ ಎಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಸುತ್ತಲಿನ ಲೋಹದ ಪಟ್ಟಿಯೂ ಸೊಟ್ಟಗಾಗಿದ್ದರೆ ‘ಫ್ರೇಮ್ ಸಮೇತ’ ಬೇಕು ಎನ್ನಿ.

ನಾನು ಮೊದಲು ಹೋದ ಅಂಗಡಿಯಲ್ಲಿ, ಮೊಬೈಲನ್ನು ಕೈಗೆ ತೆಗೆದುಕೊಂಡವರು ಓರೆಗಣ್ಣಿನಿಂದ ನೋಡಿ, “ಕ್ಯಾಮೆರಾವೇ ಹೋಗಿದೆ ಸರ್, 3,500 ಆಗುತ್ತದೆ” ಎಂದರು. ಹಿಂದಿನ ದಿನ ತೆಗೆದ ಮೂರು ಚಿತ್ರ ನನ್ನಲ್ಲಿ ಇರದಿದ್ದರೆ ನಾನು ಒಪ್ಪಿಬಿಡುತ್ತಿದ್ದೆ. ಪತ್ರಿಕೆಯ ಅಕ್ಷರ ಸ್ಪಷ್ಟವಾಗಿ ಮೂಡಿತ್ತು, ಅಂದರೆ ಒಳಗಿನದು ಚೆನ್ನಾಗಿತ್ತು. ನಾಲ್ಕು ಅಂಗಡಿ ಆಚೆ ಕೂತಿದ್ದ ಹಿರಿಯರೊಬ್ಬರ ಬಳಿ ಹೋಗಿ, “ಅಣ್ಣಾ, ಮೊದಲು ಗಾಜು ಮಾತ್ರ ಬದಲಿಸಿ. ಆಮೇಲೂ ಸರಿಯಾಗದಿದ್ದರೆ ಕ್ಯಾಮೆರಾ ನೋಡೋಣ” ಎಂದೆ. ಗಾಜು ಮತ್ತು ಕೂಲಿ ಸೇರಿ 350 ರೂಪಾಯಿ ಆಯಿತು, ಇಪ್ಪತ್ತು ನಿಮಿಷದ ಕೆಲಸ. ನೀವೂ ಇದೇ ಮಾತನ್ನು ಹೇಳಿ. ಗಾಜು ಬದಲಿಸಿ ಪರೀಕ್ಷಿಸುವ ಮುನ್ನ ಕ್ಯಾಮೆರಾ ಬದಲಿಸಲು ಒಪ್ಪಬೇಡಿ. ಕ್ಯಾಮೆರಾ ನಿಜವಾಗಿಯೂ ಹೋಗಿದ್ದರೂ ಹೊಸ ಗಾಜು ಹೇಗೂ ಬೇಕು, ಆ ದುಡ್ಡು ವ್ಯರ್ಥವಾಗುವುದಿಲ್ಲ.

ಗಾಜನ್ನು ಕೂರಿಸುವ ಮುನ್ನ ಕೈಗೆ ತೆಗೆದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಲೇಪವಿಲ್ಲದ ಗಾಜಿನ ಒಂದೊಂದು ಮುಖವೂ ಸುಮಾರು ನೂರಕ್ಕೆ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಎರಡು ಮುಖ ಸೇರಿದರೆ 8. ರಾತ್ರಿಯ ಚಿತ್ರದಲ್ಲಿ ದೀಪದ ಪಕ್ಕ ಇನ್ನೊಂದು ಮಂಕು ದೀಪ ಮೂಡುವುದಕ್ಕೆ ಇದೂ ಒಂದು ಕಾರಣ. ಲೇಪವಿರುವ ಗಾಜಿನಲ್ಲಿ ಟ್ಯೂಬ್‌ಲೈಟಿನ ಬಿಂಬ ಮಂಕಾಗಿ, ನೇರಳೆಯೋ ಹಸಿರೋ ಛಾಯೆಯಲ್ಲಿ ಕಾಣುತ್ತದೆ. ಲೇಪವಿಲ್ಲದ್ದರಲ್ಲಿ ಬಿಂಬ ಬೆಳ್ಳಗೆ ಹೊಳೆಯುತ್ತದೆ. ‘ಒರಿಜಿನಲ್’ ಎಂಬ ಮಾತಿಗಿಂತ ನನಗೆ ಈ ಬಿಂಬದ ಮೇಲೆ ಹೆಚ್ಚು ನಂಬಿಕೆ.

ಮೊಬೈಲ್ ಬಿಟ್ಟು ಹೋಗಬೇಡಿ, ಎದುರಿಗೇ ಕೂತು ಮಾಡಿಸಿ. ಪಾಸ್‌ವರ್ಡ್ ಕೇಳಿದರೆ ಕೊಡಬೇಕಿಲ್ಲ. ಬೀಗ ತೆರೆಯದೆಯೂ ಕ್ಯಾಮೆರಾ ತೆರೆದುಕೊಳ್ಳುವುದರಿಂದ ಪರೀಕ್ಷೆಗೆ ಅಷ್ಟೇ ಸಾಕು. ಬಿಟ್ಟು ಹೋಗಲೇಬೇಕಾದರೆ ಸ್ಯಾಮ್‌ಸಂಗ್‌ನ ಹಲವು ಮೊಬೈಲುಗಳಲ್ಲಿರುವ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನ ‘ರಿಪೇರ್ ಮೋಡ್’ ಬಳಸಿ. ನಿಮ್ಮ ಚಿತ್ರಗಳೂ ಸಂದೇಶಗಳೂ ಯಾರ ಕಣ್ಣಿಗೂ ಬೀಳುವುದಿಲ್ಲ. ಚಿಕ್ಕ ಮೊತ್ತವಾದರೂ ರಸೀದಿ ಕೇಳಿ ಪಡೆಯಿರಿ. ರಸೀದಿ ಇದ್ದು ಕೆಲಸ ಕೆಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಹೇಳಬಹುದು.

ಮನೆಯಲ್ಲೇ ಬದಲಿಸುವವರಿಗೆ

ಎಲ್ಲ ಮೊಬೈಲಿಗೂ ಇದು ಆಗದು. ಕೆಲವು ಮಾದರಿಗಳಲ್ಲಿ ಗಾಜನ್ನು ಹೊರಗಿನಿಂದ ಅಂಟಿಸಿರುತ್ತಾರೆ, ಅದನ್ನು ಮನೆಯಲ್ಲಿ ಬದಲಿಸಬಹುದು. ಇನ್ನು ಕೆಲವಲ್ಲಿ ಒಳಗಿನಿಂದ ಕೂರಿಸಿರುತ್ತಾರೆ, ಹಿಂಬದಿಯ ಮುಚ್ಚಳ ಬಿಚ್ಚದೆ ಅದು ಬರುವುದಿಲ್ಲ. ನಿಮ್ಮ ಮಾದರಿಯನ್ನು ಬಿಚ್ಚುವ ವಿಡಿಯೊ ನೋಡಿ ಯಾವುದೆಂದು ತಿಳಿದುಕೊಳ್ಳಿ. ಎರಡನೆಯದಾದರೆ ಅಂಗಡಿಗೇ ಹೋಗಿ. ಬ್ಯಾಟರಿಯ ಪಕ್ಕದಲ್ಲಿ ಮೊದಲ ಸಲ ಕೈಯಾಡಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಹಿಂದೆ ಅಂಟುಪಟ್ಟಿ ಇರುವ ಹೊಸ ಗಾಜು, ಹೇರ್ ಡ್ರೈಯರ್, ತೆಳುವಾದ ಪ್ಲಾಸ್ಟಿಕ್ ಚಕ್ಕೆ, ಕಾಂತಕ್ಕೆ ಅಂಟದ ಚಿಮುಟ, ರಬ್ಬರ್ ಬುರುಡೆಯ ಗಾಳಿ ಊದುಕ, ಹತ್ತಿ ಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್. ಎಲ್ಲವೂ ಎಸ್‌.ಪಿ. ರಸ್ತೆಯಲ್ಲೇ ಸಿಗುತ್ತವೆ. ಚಿಮುಟ ಕಾಂತಕ್ಕೆ ಅಂಟಬಾರದೆಂದು ಸುಮ್ಮನೆ ಹೇಳಲಿಲ್ಲ. ಲೆನ್ಸನ್ನು ಮುಂದೆ ಹಿಂದೆ ಸರಿಸಿ ಚಿತ್ರ ಸ್ಪಷ್ಟಗೊಳಿಸುವ ಯಂತ್ರದಲ್ಲಿ ಪುಟ್ಟ ಆಯಸ್ಕಾಂತಗಳಿರುತ್ತವೆ. ಕಬ್ಬಿಣದ ಚಿಮುಟವಾದರೆ ಅವು ಅದನ್ನು ಸೆಳೆದು, ಅದರ ಮೊನೆ ನೇರ ಲೆನ್ಸಿಗೇ ತಗುಲುತ್ತದೆ. ಕನ್ನಡಕವನ್ನಾದರೂ ಹಾಕಿಕೊಳ್ಳಿ, ಗಾಜಿನ ಚೂರು ಕಣ್ಣಿಗೆ ಹಾರುತ್ತದೆ.

ಕೆಲಸಕ್ಕೆ ಸ್ನಾನದ ಮನೆಯನ್ನು ಆರಿಸಿಕೊಳ್ಳಿ. ಸ್ನಾನವಾಗಿ ಒಂದು ಗಂಟೆ ಕಳೆದು ಆವಿ ಇಳಿದ ಮೇಲೆ ಮನೆಯಲ್ಲಿ ಧೂಳು ಅತಿ ಕಡಿಮೆ ಇರುವ ಜಾಗ ಅದು. ಫ್ಯಾನ್ ಬೇಡ.

ಮೊಬೈಲನ್ನು ಪೂರ್ತಿ ಆರಿಸಿ. ಚಾರ್ಜ್ ನೂರಕ್ಕೆ 25ಕ್ಕಿಂತ ಕಡಿಮೆ ಇರಲಿ. ಒಡೆದ ಗಾಜಿನ ಮೇಲೆ ಹೊಸ ಟೇಪ್ ಅಂಟಿಸಿ, ಚೂರುಗಳು ಒಂದಕ್ಕೊಂದು ಹಿಡಿದುಕೊಂಡಿರಲಿ. ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ, ಗಾಳಿ ಬ್ಯಾಟರಿಯ ಕಡೆಗೆ ಹೋಗದೆ ಮೊಬೈಲಿನ ಮೇಲ್ತುದಿಯ ಕಡೆಗೆ ಹೋಗುವಂತೆ ಒಂದು ನಿಮಿಷ ಹಿಡಿಯಿರಿ. ಬೆರಳಿಟ್ಟರೆ ಬಿಸಿ ಎನಿಸಬೇಕು, ಸುಡಬಾರದು. ಸಾಲದಿದ್ದರೆ ಸ್ವಲ್ಪ ಬಿಟ್ಟು ಇನ್ನೊಂದು ನಿಮಿಷ. ಇಲ್ಲಿ ಅವಸರ ಮಾಡಿದವರೇ ಲೆನ್ಸ್ ಕಳೆದುಕೊಳ್ಳುವುದು.

ಗೋಂದು ಮೆದುವಾದ ಮೇಲೆ ಚಕ್ಕೆಯನ್ನು ಗಾಜಿನ ಹೊರ ಅಂಚಿಗೆ ತಾಗಿಸಿ ಮೇಲಕ್ಕೆ ಎಬ್ಬಿಸಿ. ಒಳಕ್ಕೆ ತುರುಕಬೇಡಿ. ಬಿರುಕಿನ ನಡುವಿನಿಂದ ಎಂದೂ ಆರಂಭಿಸಬೇಡಿ. ಒಂದು ಅಂಚು ಎದ್ದರೆ ಟೇಪಿನೊಂದಿಗೆ ಗಾಜಿನ ಹೆಚ್ಚಿನ ಭಾಗ ಹಪ್ಪಳದಂತೆ ಎದ್ದು ಬರುತ್ತದೆ. ಇನ್ನು ಮುಂದೆ ಮೊಬೈಲ್ ಮಗುಚಿಯೇ ಇರಬೇಕು. ಒಂದು ಕೈಯಲ್ಲಿ ಅದನ್ನು ಮಗುಚಿ ಎತ್ತಿ ಹಿಡಿದು, ಕೆಳಗಿನಿಂದ ನೋಡುತ್ತ, ಉಳಿದ ಚೂರುಗಳನ್ನು ಚಿಮುಟದಿಂದ ಒಂದೊಂದಾಗಿ ಬಿಡಿಸಿ. ಜಾರಿದ ಚೂರು ನೆಲಕ್ಕೆ ಬೀಳಬೇಕು, ಲೆನ್ಸಿನ ಮೇಲಲ್ಲ.

ಅಂಚಿನಲ್ಲಿ ಉಳಿದ ಹಳೆಯ ಗೋಂದನ್ನು ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿ ಕಡ್ಡಿಯಿಂದ ತೆಗೆಯಿರಿ. ಕಡ್ಡಿಯಿಂದ ಹನಿ ತೊಟ್ಟಿಕ್ಕಬಾರದು. ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಸಾಸಿವೆಯಷ್ಟು ಗೋಂದು ಉಳಿದರೂ ಹೊಸ ಗಾಜು ಮಟ್ಟವಾಗಿ ಕೂರುವುದಿಲ್ಲ, ಆ ಸಂದಿನಿಂದ ಮುಂದಿನ ಮಳೆಗಾಲದ ತೇವ ಒಳಬರುತ್ತದೆ. ಲೆನ್ಸನ್ನು ಬುರುಡೆಯಿಂದ ನಾಲ್ಕೈದು ಸಲ ಊದಿ. ಡಬ್ಬಿಯ ಒತ್ತಡದ ಗಾಳಿ ಬೇಡ, ಅದು ಧೂಳನ್ನು ಇನ್ನಷ್ಟು ಒಳಗೆ ನುಗ್ಗಿಸುತ್ತದೆ. ಲೆನ್ಸಿನ ಮೇಲೆ ಬೆರಳಚ್ಚು ಬಿದ್ದಿಲ್ಲವೆಂದರೆ ಅದನ್ನು ಮುಟ್ಟಲೇಬೇಡಿ.

ಹೊಸ ಗಾಜಿನ ಎರಡೂ ಬದಿಯಲ್ಲಿ ತೆಳು ಪೊರೆ ಇರುತ್ತದೆ. ಒಳಬದಿಯ ಪೊರೆಯನ್ನು ಕೊನೆಯ ಕ್ಷಣದಲ್ಲಿ ಕೀಳಿರಿ. ಕಿತ್ತ ಕೂಡಲೇ ಓರೆಬೆಳಕಿನಲ್ಲಿ ಒಮ್ಮೆ ನೋಡಿ, ಧೂಳಿನ ಕಣ ಇದ್ದರೆ ಊದಿ, ನೇರ ಕೂರಿಸಿ. ಒತ್ತುವ ಮೊದಲು ಮೊಬೈಲ್ ಆನ್ ಮಾಡಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕಲೆ ಕಂಡರೆ ಈಗಲೇ ಎತ್ತಿ ಸರಿಪಡಿಸಬಹುದು. ಚೆನ್ನಾಗಿದ್ದರೆ ಅಂಚಿನ ಸುತ್ತ ಬೆರಳಿನಿಂದ ಅರ್ಧ ನಿಮಿಷ ಒತ್ತಿ, ಮೇಲೊಂದು ಪುಸ್ತಕ ಇಟ್ಟು ಬಿಡಿ. ಅಂಟುಪಟ್ಟಿ ಇಲ್ಲದ ಗಾಜಾದರೆ ರಿಪೇರಿಯವರು ಬಳಸುವ ಬಿ-7000 ಗೋಂದನ್ನು ಸೂಜಿಮೊನೆಯಷ್ಟು ತೆಳುವಾಗಿ ಅಂಚಿಗೆ ಮಾತ್ರ ಸವರಿ. ಅದು ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು. ಅಲ್ಲಿಯವರೆಗೆ ಜೇಬಿಗೆ ಹಾಕಬೇಡಿ. ಮನೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ ಮೊದಲಿನ ನೀರು ತಡೆಯುವ ಗುಣ ಮರಳಿತೆಂದು ಲೆಕ್ಕಿಸಬೇಡಿ.

ಮತ್ತೆ ಒಡೆಯದಂತೆ

ಕವರ್ ಆರಿಸುವಾಗ ಮೇಜಿನ ಮೇಲೆ ಮೊಬೈಲನ್ನು ಮಲಗಿಸಿ ನೋಡಿ. ಕ್ಯಾಮೆರಾದ ಉಬ್ಬಿಗಿಂತ ಕವರಿನ ಅಂಚು ತುಸು ಎತ್ತರವಿದ್ದು, ಗಾಜು ಮೇಜಿಗೆ ತಾಗಬಾರದು. ಮೇಲೆ ಅಂಟಿಸುವ ರಕ್ಷಣಾ ಗಾಜು ನನಗೆ ಹಿಡಿಸುವುದಿಲ್ಲ. ರಾತ್ರಿಯ ಚಿತ್ರ ಹಾಳಾಗುತ್ತದೆ, ಎರಡು ಗಾಜಿನ ನಡುವೆ ಧೂಳೂ ಸೇರುತ್ತದೆ. ಸಣ್ಣ ಮಕ್ಕಳ ಕೈಗೆ ಮೊಬೈಲ್ ಹೋಗುವ ಮನೆಯಲ್ಲಿ ಇರಲಿ.

ಗೀರು ಬೀಳುವುದು ಹೆಚ್ಚಾಗಿ ಜೇಬಿನ ಮರಳಿನಿಂದ. ನಮ್ಮ ಊರು ನಿಂತಿರುವುದೇ ಗಟ್ಟಿ ಬಂಡೆಯ ಮೇಲೆ. ಅದೇ ಜಾತಿಯ ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡ್ ಪ್ರತಿ ಬೀದಿಯಲ್ಲೂ ಯಾವುದಾದರೊಂದು ಕಟ್ಟಡದ ಮುಂದೆ ರಾಶಿ ಬಿದ್ದಿರುತ್ತದೆ. ಅದರಲ್ಲಿನ ಬೆಣಚುಕಲ್ಲಿನ ಕಣದ ಗಡಸುತನ ಮೋಸ್ ಮಾಪಕದಲ್ಲಿ 7, ಮಾಮೂಲಿ ಗಾಜಿನದು ಸುಮಾರು 5.5. ವಾರಕ್ಕೊಮ್ಮೆ ಜೇಬನ್ನು ಹೊರಮಗುಚಿ ಕೊಡವಿ. ಕ್ಯಾಮೆರಾ ಒರೆಸುವ ಮುನ್ನ ಊದುಕದಿಂದ ಒಮ್ಮೆ ಊದಿ, ಆಮೇಲೆ ಕನ್ನಡಕದ ಬಟ್ಟೆಯಿಂದ ಒರೆಸಿ.

ತೆಗೆದ ಹಳೆಯ ಚೂರುಗಳನ್ನು ಬಚ್ಚಲಿಗೆ ಸುರಿಯಬೇಡಿ, ಹಸಿ ಕಸಕ್ಕೂ ಹಾಕಬೇಡಿ. ಟೇಪಿನ ಸಮೇತ ದಪ್ಪ ಕಾಗದದಲ್ಲಿ ಎರಡು ಸುತ್ತು ಸುತ್ತಿ, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆದು, ಒಣ ಕಸದೊಂದಿಗೆ ಬೇರೆಯಾಗಿ ಕೊಡಿ. ಬೆಳಿಗ್ಗೆ ಗಾಡಿಯೊಂದಿಗೆ ಬರುವ ಪೌರಕಾರ್ಮಿಕರ ಕೈಗೆ ಕೊಡುವಾಗ ಒಳಗೆ ಗಾಜಿದೆ ಎಂದು ಬಾಯಿಬಿಟ್ಟು ಹೇಳಿ.